ಲಾಗ್‌ಬುಕ್ ತುಂಬಿತು, ಕೈ ಪಳಗಿತೇ? ಮಿಡ್‌ವೈಫರಿ ವಿದ್ಯಾರ್ಥಿನಿಯರ ಕೌಶಲ ಅಳೆಯಲು ಸಮಗ್ರ ಮಾರ್ಗದರ್ಶಿ

ಕೋರ್ಸ್ ಮುಗಿಯುವ ಹೊತ್ತಿಗೆ ಎಲ್ಲರ ಲಾಗ್‌ಬುಕ್ಕೂ ಭರ್ತಿಯಾಗಿರುತ್ತದೆ. ಇಷ್ಟು ಗರ್ಭಿಣಿಯರ ತಪಾಸಣೆ, ಇಷ್ಟು ಹೆರಿಗೆ, ಇಷ್ಟು ಬಾಣಂತಿಯರ ಆರೈಕೆ. ಪ್ರತಿ ಸಾಲಿನ ಮುಂದೆ ಒಂದು ಸಹಿ. ಆ ದಿನ ಹುಡುಗಿ ಅಲ್ಲಿದ್ದಳು ಎಂಬುದನ್ನು ಆ ಸಹಿ ಹೇಳುತ್ತದೆ. ಅವಳ ಕೈಗೆ ಕೆಲಸ ಬಂದಿದೆಯೇ, ಅಪಾಯ ಎದುರಿಗೆ ಬಂದಾಗ ಅವಳಿಗೆ ಗೊತ್ತಾಗುತ್ತದೆಯೇ, ಒಬ್ಬಳೇ ಇದ್ದಾಗ ಏನು ಮಾಡುತ್ತಾಳೆ ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಉತ್ತರ ಕನ್ನಡದಲ್ಲಿ ಈ ಉತ್ತರ ಬೇಕೇ ಬೇಕು. ಇಲ್ಲಿ ಕಲಿತವಳು ನಾಳೆ ಜೋಯಿಡಾದ ಕಾಡಿನೊಳಗಿನ ಉಪಕೇಂದ್ರಕ್ಕೆ ಹೋಗಬಹುದು. ಸಿದ್ದಾಪುರದ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡಬಹುದು. ಜುಲೈ ತಿಂಗಳ ಮಳೆ, ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಸಿಕ್ಕರೆ ಪುಣ್ಯ. ಡಾಕ್ಟರ್ ಪಕ್ಕದ ಕೋಣೆಯಲ್ಲಿ ಇರುವುದಿಲ್ಲ. ಅಂಥಲ್ಲಿ ತಾಯಿಯ ಜೀವ ಉಳಿಯುವುದು ಎರಡು ವಿಷಯಗಳ ಮೇಲೆ: ಮೊದಲ ಕೆಲವು ನಿಮಿಷ ಈ ಹುಡುಗಿಯ ಕೈ ಏನು ಮಾಡುತ್ತದೆ, ಮತ್ತು ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ಅವಳು ಎಷ್ಟು ಬೇಗ ತೀರ್ಮಾನಿಸುತ್ತಾಳೆ. ನಮ್ಮ ಅಳತೆ ಈ ಎರಡನ್ನು ಮುಟ್ಟದಿದ್ದರೆ ಉಳಿದ ಅಂಕಗಳಿಗೆ ಜಾಸ್ತಿ ಬೆಲೆ ಇಲ್ಲ.

ಇದನ್ನು ನರ್ಸಿಂಗ್ ಶಾಲೆಯ ಟ್ಯೂಟರ್‌ಗಳಿಗೆ ಮತ್ತು ಲೇಬರ್ ರೂಮಿನಲ್ಲಿ ವಿದ್ಯಾರ್ಥಿನಿಯರ ಪುಸ್ತಕಕ್ಕೆ ಸಹಿ ಹಾಕುವ ಸಿಸ್ಟರ್‌ಗಳಿಗೆ ಬರೆದಿದ್ದೇನೆ. ನಿಮ್ಮ ಸಹಿಗೆ ತೂಕ ಬರಲಿ ಎಂಬುದೇ ಆಸೆ.

1. ಏನನ್ನು ಅಳೆಯುತ್ತೀರಿ ಎಂದು ಮೊದಲು ಬರೆದಿಡಿ

ಎಎನ್‌ಎಂ (ಸಹಾಯಕ ನರ್ಸ್-ಮಿಡ್‌ವೈಫ್) ಎರಡು ವರ್ಷದ ಕೋರ್ಸ್. ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಕೇಂದ್ರ ಸರ್ಕಾರ 2018ರಲ್ಲಿ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ತಂದ ಮೇಲೆ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಎಂಬ 18 ತಿಂಗಳ ತರಬೇತಿಯೂ ಸೇರಿಕೊಂಡಿದೆ. ಇವರೆಲ್ಲರಿಗೂ ಒಂದೇ ಪಟ್ಟಿ ಹಿಡಿಯಬೇಡಿ. ನಿಮ್ಮ ಕೋರ್ಸಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಕೊಟ್ಟ ಪಠ್ಯಕ್ರಮ ತೆರೆಯಿರಿ. ಪಕ್ಕದಲ್ಲಿ ಅಂತರರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟ 2019ರಲ್ಲಿ ಪರಿಷ್ಕರಿಸಿದ ಕೌಶಲಗಳ ಪಟ್ಟಿ ಇಟ್ಟುಕೊಳ್ಳಿ. ಅದರಲ್ಲಿ ನಾಲ್ಕು ಗುಂಪುಗಳಿವೆ: ಎಲ್ಲ ಕಡೆ ಬೇಕಾಗುವ ಸಾಮಾನ್ಯ ಕೌಶಲ, ಗರ್ಭ ಧರಿಸುವ ಮೊದಲು ಮತ್ತು ಗರ್ಭಿಣಿಯಾಗಿದ್ದಾಗಿನ ಆರೈಕೆ, ಹೆರಿಗೆ ಸಮಯದ ಆರೈಕೆ, ಹೆರಿಗೆಯ ನಂತರ ತಾಯಿ ಮಗುವಿನ ಆರೈಕೆ.

ಇದರ ಮೇಲೆ ಊರಿನ ಅಗತ್ಯ ಸೇರಿಸಿ. ನನ್ನ ಪಟ್ಟಿಯಲ್ಲಿ ಇವು ತಪ್ಪುವುದೇ ಇಲ್ಲ: ರಕ್ತಹೀನತೆ ಗುರುತಿಸುವುದು, ಬಿಪಿ ಸರಿಯಾಗಿ ನೋಡುವುದು, ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂದು ಗುರುತಿಸುವ ಹಾಳೆ) ಬರೆದು ಅದನ್ನು ಓದುವುದು, ಹೆರಿಗೆ ನಂತರದ ರಕ್ತಸ್ರಾವ, ಉಸಿರಾಡದ ಮಗು, ಫಿಟ್ಸ್ ಬಂದ ಬಸುರಿ, ರೆಫರಲ್, ಮತ್ತು ಹೆಂಗಸಿನ ಜೊತೆ ಮಾತು.

ಪಟ್ಟಿಯ ಪ್ರತಿ ಸಾಲೂ ಕಣ್ಣಿಗೆ ಕಾಣುವ ಕೆಲಸವಾಗಿರಬೇಕು. ‘ರಕ್ತಸ್ರಾವದ ನಿರ್ವಹಣೆ ತಿಳಿದಿದೆ’ ಎಂದು ಬರೆದರೆ ಯಾರೂ ಅಳೆಯಲಾರರು. ‘ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ತಾನಾಗಿಯೇ ಮುಟ್ಟಿ ನೋಡುತ್ತಾಳೆ, ಮೆತ್ತಗಿದ್ದರೆ ತಕ್ಷಣ ಕೂಗಿ ಸಹಾಯ ಕರೆದು ಉಜ್ಜಲು ಶುರು ಮಾಡುತ್ತಾಳೆ’ ಎಂದು ಬರೆದರೆ ಯಾರು ಬೇಕಾದರೂ ಅಳೆಯಬಹುದು.

ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ ನಾಲ್ಕು ಮೆಟ್ಟಿಲುಗಳು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾಳೆ, ನಿತ್ಯದ ಕೆಲಸದಲ್ಲಿ ಮಾಡುತ್ತಾಳೆ. ಬರೆಯುವ ಪರೀಕ್ಷೆ ಮೊದಲ ಎರಡು ಮೆಟ್ಟಿಲು ಮುಟ್ಟುತ್ತದೆ. ಬೊಂಬೆಯ ಮೇಲಿನ ಪರೀಕ್ಷೆ ಮೂರನೆಯದನ್ನು. ನಾಲ್ಕನೆಯದಕ್ಕೆ ವಾರ್ಡಿನಲ್ಲಿ ನಿಂತು ನೋಡದೆ ಬೇರೆ ದಾರಿಯೇ ಇಲ್ಲ. ಪಟ್ಟಿಯ ಪ್ರತಿ ಸಾಲಿನ ಮುಂದೆ ‘ಇದನ್ನು ಯಾವ ಮೆಟ್ಟಿಲಲ್ಲಿ ನೋಡುತ್ತೇನೆ’ ಎಂದು ಬರೆಯಿರಿ.

2. ಅಂಕಕ್ಕಿಂತ ಮೊದಲು, ಎಷ್ಟು ಸಹಾಯ ಬೇಕಾಯಿತು ಎಂದು ನೋಡಿ

ಹತ್ತಕ್ಕೆ ಏಳು ಎಂದರೆ ಏನು? ಏಳು ಅಂಕ ಬಂದವಳನ್ನು ಲೇಬರ್ ರೂಮಿನಲ್ಲಿ ಒಬ್ಬಳೇ ಬಿಡಬಹುದೇ? ಅಂಕ ನೋಡಿ ಹೇಳಲು ಆಗುವುದಿಲ್ಲ ಅಲ್ವಾ?

ಕ್ಯಾಥ್ಲೀನ್ ಬಾಂಡಿ 1983ರಲ್ಲಿ ಕೊಟ್ಟ ಐದು ಹಂತಗಳ ಅಳತೆ ಇದಕ್ಕೆ ಸರಿಹೋಗುತ್ತದೆ. ಸರಳವಾಗಿ ಹೇಳುವುದಾದರೆ ಹೀಗೆ. ಐದನೇ ಹಂತ ‘ಸ್ವತಂತ್ರ’: ಯಾರೂ ಏನೂ ಹೇಳದೆ, ಸುರಕ್ಷಿತವಾಗಿ, ಸಮಯಕ್ಕೆ ಸರಿಯಾಗಿ ಮಾಡುತ್ತಾಳೆ. ನಾಲ್ಕು ‘ಮೇಲ್ವಿಚಾರಣೆಯಲ್ಲಿ’: ಆಗಾಗ ಒಂದು ಧೈರ್ಯದ ಮಾತು ಸಾಕು. ಮೂರು ‘ನೆರವಿನಿಂದ’: ಪದೇಪದೇ ಹೇಳಬೇಕು, ಒಮ್ಮೊಮ್ಮೆ ಕೈ ಹಿಡಿದು ತೋರಿಸಬೇಕು. ಎರಡು: ಬಿಡದೆ ಹೇಳುತ್ತಲೇ ಇರಬೇಕು, ಕೈಯನ್ನೂ ಮತ್ತೆ ಮತ್ತೆ ಹಾಕಬೇಕು. ಒಂದು: ನೀವೇ ಮಾಡಿದಂತೆ.

ಜೊತೆಗೆ ‘ತಪ್ಪಲೇಬಾರದ ಹೆಜ್ಜೆ’ಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವ ಮೊದಲು ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ಖಚಿತ ಮಾಡಿಕೊಳ್ಳುವುದು ಅಂಥದ್ದು. ಗರ್ಭಕೋಶ ಗಟ್ಟಿಯಾಗದೆ, ಕೈ ಒತ್ತಿ ಆಧಾರ ಕೊಡದೆ ಹೊಕ್ಕುಳಬಳ್ಳಿ ಎಳೆಯದಿರುವುದು ಇನ್ನೊಂದು. ಉಳಿದ ಹದಿನೈದು ಹೆಜ್ಜೆ ಚೆನ್ನಾಗಿ ಮಾಡಿ ಇವುಗಳಲ್ಲಿ ಒಂದನ್ನು ತಪ್ಪಿಸಿದವಳು ಆ ಕೌಶಲದಲ್ಲಿ ಅಂದು ಪಾಸಾಗಲಿಲ್ಲ. ಒಟ್ಟು ಮೊತ್ತ ಎಷ್ಟೇ ಇರಲಿ.

3. ಅಳೆಯುವವರು ಮೊದಲು ಒಮ್ಮತಕ್ಕೆ ಬನ್ನಿ

ಒಂದು ಮಧ್ಯಾಹ್ನ ಎಲ್ಲ ಟ್ಯೂಟರ್‌ಗಳು, ವಾರ್ಡ್ ಸಿಸ್ಟರ್‌ಗಳು ಒಟ್ಟಿಗೆ ಕೂತುಕೊಳ್ಳಿ. ಒಬ್ಬರು ಬೊಂಬೆಯ ಮೇಲೆ ಹೆರಿಗೆ ಮಾಡಿಸಲಿ, ಬೇಕೆಂದೇ ಕೆಲವು ತಪ್ಪು ಮಾಡಲಿ. ಅದನ್ನು ಫೋನಿನಲ್ಲಿ ವಿಡಿಯೊ ಮಾಡಿ. ಆಮೇಲೆ ಎಲ್ಲರೂ ಅದೇ ವಿಡಿಯೊ ನೋಡಿ, ಮಾತಾಡದೆ ಬೇರೆಬೇರೆಯಾಗಿ ಚೆಕ್‌ಲಿಸ್ಟ್ ತುಂಬಿ. ಹೋಲಿಸಿ ನೋಡಿದಾಗ ಒಬ್ಬರು ನಾಲ್ಕು ಕೊಟ್ಟ ಕಡೆ ಇನ್ನೊಬ್ಬರು ಎರಡು ಕೊಟ್ಟಿರುತ್ತಾರೆ. ಜಗಳ ಬೇಡ. ಯಾವ ಸಾಲಿನಲ್ಲಿ ವ್ಯತ್ಯಾಸ ಬಂತೋ ಆ ಸಾಲಿನ ಮಾತು ಅಸ್ಪಷ್ಟವಾಗಿದೆ ಎಂದರ್ಥ. ತಿದ್ದಿ ಬರೆಯಿರಿ.

ಒಂದು ಎಚ್ಚರ. ತರಗತಿಯಲ್ಲಿ ಚುರುಕಾಗಿ ಉತ್ತರ ಕೊಡುವ ಹುಡುಗಿಗೆ ವಾರ್ಡಿನಲ್ಲೂ ಒಳ್ಳೆ ಅಂಕ ಬಿದ್ದುಬಿಡುತ್ತದೆ. ಹಳಿಯಾಳ, ಮುಂಡಗೋಡ ಕಡೆಯ ಹಳ್ಳಿಯಿಂದ ಬಂದ, ಇಂಗ್ಲಿಷ್ ತಡವರಿಸುವ, ಮಾತು ಕಡಿಮೆ ಇರುವ ಹುಡುಗಿಯ ಕೈ ಎಷ್ಟೋ ಸಲ ಹೆಚ್ಚು ಸ್ಥಿರವಾಗಿರುತ್ತದೆ. ನಾವು ಅದನ್ನು ನೋಡುವುದೇ ಇಲ್ಲ. ಹಾಗಾಗಿ ಒಬ್ಬ ವಿದ್ಯಾರ್ಥಿನಿಯನ್ನು ಒಬ್ಬರೇ ಅಳೆಯಬಾರದು. ಬೇರೆಬೇರೆ ದಿನ, ಬೇರೆಬೇರೆ ಕಣ್ಣು ನೋಡಬೇಕು. ಪಾಳಿಯಲ್ಲಿ ಜೊತೆಗಿರುವ ಸ್ಟಾಫ್ ನರ್ಸ್‌ಗೆ ಗೊತ್ತಿರುವುದು ಟ್ಯೂಟರ್‌ಗೆ ಗೊತ್ತಿರುವುದಿಲ್ಲ. ಅವರ ಮಾತಿಗೂ ಹಾಳೆಯಲ್ಲಿ ಜಾಗ ಕೊಡಿ.

4. ತಾಯಿಯ ಒಪ್ಪಿಗೆ

ಹೆರಿಗೆಗೆ ಬಂದವಳು ನಮ್ಮ ಪರೀಕ್ಷೆಗೆ ಬಂದವಳಲ್ಲ. ವಿದ್ಯಾರ್ಥಿನಿ ಆರೈಕೆ ಮಾಡುತ್ತಾಳೆ, ನಾನು ಪಕ್ಕದಲ್ಲೇ ಇರುತ್ತೇನೆ ಎಂದು ಅವಳ ಭಾಷೆಯಲ್ಲಿ ಹೇಳಿ, ಕೇಳಿ. ಕಾರವಾರದಲ್ಲಿ ಅದು ಕೊಂಕಣಿ ಇರಬಹುದು, ಭಟ್ಕಳದಲ್ಲಿ ನವಾಯತಿ, ಜೋಯಿಡಾ ಕಡೆ ಮರಾಠಿ ಬೆರೆತ ಮಾತು. ನೋವು ಜೋರಾದ ಮೇಲೆ ಕೇಳಿದ ಒಪ್ಪಿಗೆ ಒಪ್ಪಿಗೆಯಲ್ಲ. ದಾಖಲಾಗುವಾಗಲೇ ಕೇಳಿ. ಬೇಡ ಎಂದರೆ ಅಲ್ಲಿಗೆ ಬಿಡಿ.

ಒಬ್ಬಳೇ ತಾಯಿಯ ಒಳ ತಪಾಸಣೆಯನ್ನು ಕಲಿಕೆಗಾಗಿ ಒಬ್ಬರಾದ ಮೇಲೊಬ್ಬರಿಂದ ಮಾಡಿಸುವ ಅಭ್ಯಾಸ ನಿಲ್ಲಲೇಬೇಕು. ನಾಲ್ಕು ಗಂಟೆಗೊಮ್ಮೆ ಆಗಬೇಕಾದ ತಪಾಸಣೆಯನ್ನು ವಿದ್ಯಾರ್ಥಿನಿ ಮಾಡಿದರೆ, ಮೇಲ್ವಿಚಾರಕರು ಆಗಲೇ ಖಚಿತ ಮಾಡಿಕೊಂಡರೆ ಮುಗಿಯಿತು. ಮೂರನೆಯವಳಿಗೆ ಅವಕಾಶ ನಾಳೆ ಸಿಗುತ್ತದೆ.

ನೀವು ಯಾವಾಗ ನಡುವೆ ಕೈ ಹಾಕುತ್ತೀರಿ ಎಂಬುದನ್ನೂ ಮೊದಲೇ ಹೇಳಿಬಿಡಿ. ‘ಸರಿ, ಈಗ ನಾನು’ ಎಂದ ಕೂಡಲೇ ವಿದ್ಯಾರ್ಥಿನಿ ಪಕ್ಕಕ್ಕೆ ಸರಿಯಬೇಕು. ಮಾತಿಲ್ಲ, ವಾದವಿಲ್ಲ.

5. ವಾರ್ಡಿನಲ್ಲಿ ನಿಂತು ನೋಡುವುದು

ಇಡೀ ಅಳತೆಯಲ್ಲಿ ಹೆಚ್ಚು ಸಮಯ ಇಲ್ಲಿಗೆ ಕೊಡಿ. ಹೆಚ್ಚು ಮಾಹಿತಿ ಇಲ್ಲೇ ಸಿಗುವುದು.

ಎಲ್ಲಿ ನಿಲ್ಲಬೇಕು? ವಿದ್ಯಾರ್ಥಿನಿಯ ಕೈಯೂ ತಾಯಿಯ ಮುಖವೂ ಒಟ್ಟಿಗೆ ಕಾಣುವ ಕಡೆ. ನಿಮ್ಮ ಮುಖ ವಿದ್ಯಾರ್ಥಿನಿಗೆ ಕಾಣದಿದ್ದರೆ ಒಳ್ಳೆಯದು. ಇಲ್ಲವಾದರೆ ಪ್ರತಿ ಹೆಜ್ಜೆಗೂ ನಿಮ್ಮ ಹುಬ್ಬು ನೋಡಿ ಉತ್ತರ ಹುಡುಕುತ್ತಾಳೆ.

*ಗರ್ಭಿಣಿ ತಪಾಸಣೆ.* ತಾಯಿ ಕಾರ್ಡ್ ಅನ್ನು ಅವಳು ಓದುತ್ತಾಳೋ, ಸುಮ್ನೆ ತಿರುವಿ ಹಾಕುತ್ತಾಳೋ ನೋಡಿ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವವರು ಬಹಳ. ಕಾರ್ಡ್ ಬೇರೆ ತಾಲೂಕಿನದ್ದು, ಒಮ್ಮೊಮ್ಮೆ ಬೇರೆ ರಾಜ್ಯದ್ದು. ಹಿಂದಿನ ಹಿಮೋಗ್ಲೋಬಿನ್ ಎಷ್ಟಿತ್ತು, ಈಗ ಎಷ್ಟಿದೆ ಎಂದು ಹೋಲಿಸುತ್ತಾಳೆಯೇ? 11ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಎಂದರೆ ತೀವ್ರ ಎಂಬುದು ಅವಳಿಗೆ ಬಾಯಿಪಾಠ ಇರಬಹುದು. ಆದರೆ ‘ಕಬ್ಬಿಣದ ಮಾತ್ರೆ ತಗೊಂಡಿದ್ದೀರಾ’ ಎಂದು ಕೇಳುವುದಕ್ಕೂ ‘ಮಾತ್ರೆ ತಗೊಂಡಾಗ ಹೊಟ್ಟೆ ಕೆಡುತ್ತಾ, ದಿನಾ ಆಗುತ್ತಾ, ಬಿಟ್ಟುಬಿಟ್ಟಿರಾ’ ಎಂದು ಕೇಳುವುದಕ್ಕೂ ಅಂತರವಿದೆ. ಮೊದಲನೆಯದಕ್ಕೆ ಎಲ್ಲರೂ ‘ಹೌದು’ ಎನ್ನುತ್ತಾರೆ.

ಹೊಟ್ಟೆ ಮುಟ್ಟುವ ಮೊದಲು ಮೂತ್ರಕ್ಕೆ ಹೋಗಿ ಬರಲು ಹೇಳಿದಳೇ? ಪರದೆ ಎಳೆದಳೇ? ಕಾಲು ಮಡಚಿಸಿದಳೇ? ಮಗುವಿನ ಎದೆಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿದಳೇ? ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವವರು ಜಾಸ್ತಿ. ಅವಳು 140 ಎಂದರೆ ನೀವು ಕೂಡಲೇ ಎಣಿಸಿ ನೋಡಿ. 110ರಿಂದ 160ರ ಒಳಗಿನ ಯಾವುದೋ ಒಂದು ಅಂಕಿ ಹೇಳಿಬಿಡುವುದು ಸುಲಭ. ಬಿಪಿಯೂ ಹಾಗೆಯೇ. 120/80 ಎಂಬ ಅಂಕಿ ಸಾಲಾಗಿ ಹತ್ತು ಕಾರ್ಡುಗಳಲ್ಲಿ ಕಂಡರೆ ಆ ಬಿಪಿ ಉಪಕರಣವನ್ನು ಯಾರೂ ಮುಟ್ಟಿಲ್ಲ ಎಂದು ಅನುಮಾನಿಸಿ.

*ಹೆರಿಗೆ ನೋವಿನ ಸಮಯ.* ಚುರುಕಿನ ಹಂತದಲ್ಲಿ ಮಗುವಿನ ಎದೆಬಡಿತ, ತಾಯಿಯ ನಾಡಿ, ನೋವಿನ ಎಣಿಕೆ ಅರ್ಧ ಗಂಟೆಗೊಮ್ಮೆ. ನೋವನ್ನು ಹತ್ತು ನಿಮಿಷ ಕೈಯಿಟ್ಟು ಎಣಿಸಬೇಕು. ಹತ್ತು ನಿಮಿಷ ಎಂದರೆ ದೊಡ್ಡ ಸಮಯ. ಆ ಹತ್ತು ನಿಮಿಷದಲ್ಲಿ ವಿದ್ಯಾರ್ಥಿನಿ ಏನು ಮಾಡುತ್ತಾಳೆ ಎಂಬುದೇ ಒಂದು ಪರೀಕ್ಷೆ. ಫೋನ್ ನೋಡುತ್ತಾಳಾ? ತಾಯಿಯ ಬೆನ್ನು ಸವರುತ್ತಾಳಾ? ನೀರು ಬೇಕಾ ಎಂದು ಕೇಳುತ್ತಾಳಾ? ಜೊತೆಗೆ ಬಂದ ಅಮ್ಮನಿಗೋ ಅತ್ತೆಗೋ ಏನು ಮಾಡಬಹುದೆಂದು ಹೇಳಿಕೊಡುತ್ತಾಳಾ? ಲೇಬರ್ ರೂಮುಗಳ ಗುಣಮಟ್ಟಕ್ಕಾಗಿ ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ‘ಲಕ್ಷ್ಯ’ ಕಾರ್ಯಕ್ರಮ ಗೌರವದ ಆರೈಕೆಯನ್ನು ಗುಣಮಟ್ಟದ ಭಾಗವೆಂದೇ ಹೇಳುತ್ತದೆ. ಬೈಗುಳ, ತೊಡೆಗೆ ಏಟು, ಹೊಟ್ಟೆ ಮೇಲಿಂದ ಒತ್ತುವುದು ಇವನ್ನು ವಿದ್ಯಾರ್ಥಿನಿ ಎಲ್ಲೋ ನೋಡಿ ಕಲಿತಿರಬಹುದು. ಕಂಡರೆ ಅದನ್ನು ತಪ್ಪಲೇಬಾರದ ಹೆಜ್ಜೆಯಲ್ಲಿ ತಪ್ಪಿದಂತೆ ಎಣಿಸಿ. ‘ಸ್ವಭಾವ ಸ್ವಲ್ಪ ಒರಟು’ ಎಂದು ಬರೆದು ಬಿಡಬೇಡಿ.

*ಮಗು ಹುಟ್ಟಿದ ಮೇಲಿನ ನಿಮಿಷಗಳು.* ಇಲ್ಲಿ ಕೈಯಲ್ಲಿ ಗಡಿಯಾರ ಇರಲಿ. ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಹಾಕುವುದು. ಇನ್ನೊಂದು ಮಗು ಇಲ್ಲವೆಂದು ನೋಡಿ, ಒಂದು ನಿಮಿಷದೊಳಗೆ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಬಳ್ಳಿ ಕಟ್ಟಲು ಒಂದರಿಂದ ಮೂರು ನಿಮಿಷ ಕಾಯುವುದು. ನೋವು ಬಂದಾಗ ಗರ್ಭಕೋಶಕ್ಕೆ ಮೇಲಿನಿಂದ ಆಧಾರ ಕೊಟ್ಟು ಬಳ್ಳಿಯನ್ನು ಹದವಾಗಿ ಎಳೆಯುವುದು. ಮಾಸು, ಪೊರೆ ಪೂರ್ತಿ ಬಂದಿದೆಯೇ ಎಂದು ಬೆಳಕಿನಲ್ಲಿ ಬಿಡಿಸಿ ನೋಡುವುದು. ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಮತ್ತೆ ಮತ್ತೆ ಮುಟ್ಟುವುದು.

ಇನ್ನೊಂದು ಮಾತು ಕೇಳಿ: ಆ ಆಕ್ಸಿಟೋಸಿನ್ ಎಲ್ಲಿಂದ ಬಂತು? ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಏಪ್ರಿಲ್–ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಟ್ರೇ ಮೇಲೆ ದಿನವಿಡೀ ಬಿದ್ದ ಆಂಪ್ಯೂಲ್ ಕೈಕೊಡಬಹುದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಫ್ರಿಜ್ ಹೆಸರಿಗೆ ಮಾತ್ರ. ಪಾಳಿ ಶುರುವಾದಾಗ ಫ್ರಿಜ್‌ನ ಉಷ್ಣತೆ ನೋಡುವ ವಿದ್ಯಾರ್ಥಿನಿ ಕಂಡರೆ ಅದನ್ನು ಬರೆದುಕೊಳ್ಳಿ. ಅವಳು ಇಡೀ ಕೋಣೆಯ ಜವಾಬ್ದಾರಿ ಹೊರಲು ತಯಾರಾಗುತ್ತಿದ್ದಾಳೆ.

ಟಿಪ್ಪಣಿ ಆಗಲೇ ಬರೆಯಿರಿ. ಮನೆಗೆ ಹೋಗಿ ಬರೆದರೆ ನೆನಪು ಸವೆದಿರುತ್ತದೆ. ‘ಚೆನ್ನಾಗಿ ಮಾಡಿದಳು’ ಎಂಬುದು ಟಿಪ್ಪಣಿಯಲ್ಲ. ‘ಮಾಸು ಪೂರ್ತಿ ಬಿಡಿಸಿ ನೋಡಿದಳು. ಗರ್ಭಕೋಶ ಮುಟ್ಟಲು ಎರಡು ಸಲ ನೆನಪಿಸಬೇಕಾಯಿತು. ರಕ್ತ ಎಷ್ಟು ಹೋಯಿತೆಂದು ಕೇಳುವವರೆಗೆ ಹೇಳಲಿಲ್ಲ. ಹಂತ ಮೂರು.’ ಇದು ಟಿಪ್ಪಣಿ.

6. ಪಾರ್ಟೋಗ್ರಾಫ್: ಬರೆದದ್ದು ಯಾವಾಗ?

ಹೆರಿಗೆ ಆದ ಮೇಲೆ ಕೂತು ಚಂದವಾಗಿ ಗೆರೆ ಎಳೆದ ಪಾರ್ಟೋಗ್ರಾಫ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಹಾಳೆಗೆ ಅಂಕ ಕೊಡುವುದು ತಾಯಿಗೆ ಮಾಡುವ ಮೋಸ. ಹಿಡಿಯುವುದು ಸುಲಭ. ಹೆರಿಗೆ ನಡೆಯುತ್ತಿರುವಾಗಲೇ, ನಡುಹೊತ್ತಿನಲ್ಲಿ ಹೋಗಿ ‘ಹಾಳೆ ತೋರಿಸು’ ಎನ್ನಿ. ಕೊನೆಯ ಚುಕ್ಕೆ ಎಷ್ಟು ಗಂಟೆಯದ್ದು? ಈಗ ಎಷ್ಟು ಗಂಟೆ?

ಆಮೇಲೆ ಓದಿಸಿ. ನಮ್ಮ ಹೆಚ್ಚಿನ ಕಡೆ ಇರುವ ಸರಳ ಪಾರ್ಟೋಗ್ರಾಫ್ ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಲ್ಲಿಂದ ಶುರುವಾಗುತ್ತದೆ, ಎಚ್ಚರಿಕೆ ಗೆರೆಯಿಂದ ನಾಲ್ಕು ಗಂಟೆ ಬಲಕ್ಕೆ ಕ್ರಮದ ಗೆರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಲೇಬರ್ ಕೇರ್ ಗೈಡ್ 5 ಸೆಂಟಿಮೀಟರ್‌ನಿಂದ ಶುರು, ಅದರಲ್ಲಿ ಆ ಗೆರೆಗಳಿಲ್ಲ. ನಿಮ್ಮ ಲೇಬರ್ ರೂಮ್ ಯಾವುದನ್ನು ಬಳಸುತ್ತದೋ ಅದರಲ್ಲೇ ಅಳೆಯಿರಿ, ಎರಡನ್ನೂ ಬೆರೆಸಿ ಹುಡುಗಿಯರ ತಲೆ ಕೆಡಿಸಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ‘ಈ ಗೆರೆ ನಿನಗೆ ಈಗ ಏನು ಮಾಡಲು ಹೇಳುತ್ತಿದೆ?’

7. ಅಪರೂಪದ ಅಪಾಯಗಳಿಗೆ ಬೊಂಬೆ ಮತ್ತು ಆಸ್ಕಿ

ಫಿಟ್ಸ್, ದೊಡ್ಡ ರಕ್ತಸ್ರಾವ, ಉಸಿರಾಡದ ಮಗು. ಇವು ನಿಮ್ಮ ಪರೀಕ್ಷೆಯ ದಿನವೇ ವಾರ್ಡಿಗೆ ಬರುವುದಿಲ್ಲ, ಬಂದರೂ ಅದನ್ನು ಪರೀಕ್ಷೆ ಮಾಡಲು ಬಳಸಬಾರದು. ಇದಕ್ಕೆ ಆಸ್ಕಿ (ಒಎಸ್‌ಸಿಇ), ಅಂದರೆ ಎಲ್ಲರಿಗೂ ಒಂದೇ ಬಗೆಯಲ್ಲಿ ನಡೆಸುವ ಕೌಶಲ ಪರೀಕ್ಷೆ, ಒಳ್ಳೆಯದು. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಪರಿಚಯಿಸಿದ ಪದ್ಧತಿ ಇದು. ಎಲ್ಲರೂ ಅದೇ ಠಾಣೆಗಳಲ್ಲಿ (ಒಂದೊಂದು ಕೆಲಸಕ್ಕೆ ಮೀಸಲಿಟ್ಟ ಜಾಗಗಳಲ್ಲಿ) ಸುತ್ತುತ್ತಾರೆ, ಅದೇ ಕೆಲಸ, ಅದೇ ಸಮಯ, ಅದೇ ಚೆಕ್‌ಲಿಸ್ಟ್. ಠಾಣೆ ಮೂರೋ ನಾಲ್ಕೋ ಇದ್ದರೆ ಫಲಿತಾಂಶ ಅದೃಷ್ಟದ ಮೇಲೆ ನಿಲ್ಲುತ್ತದೆ. ಹತ್ತರ ಹತ್ತಿರ ಇರಲಿ, ಒಂದೊಂದಕ್ಕೆ ಏಳೆಂಟು ನಿಮಿಷ.

ರಕ್ತಸ್ರಾವದ ಠಾಣೆ ಹೀಗೆ ಮಾಡಬಹುದು. ಬಾಗಿಲಲ್ಲಿ ಅಂಟಿಸಿದ ಚೀಟಿ: ‘ಹತ್ತು ನಿಮಿಷದ ಹಿಂದೆ ಹೆರಿಗೆ. ಮಾಸು ಬಿದ್ದಿದೆ. ತಾಯಿ ತಲೆ ಸುತ್ತುತ್ತಿದೆ ಎನ್ನುತ್ತಾಳೆ. ನೋಡಿಕೊಳ್ಳಿ.’ ‘ರಕ್ತಸ್ರಾವ’ ಎಂಬ ಮಾತು ಚೀಟಿಯಲ್ಲಿ ಇರಬಾರದು, ಅದನ್ನು ಅವಳೇ ಕಂಡುಹಿಡಿಯಬೇಕು. ಒಳಗೆ ಒಬ್ಬ ಹೆಣ್ಣುಮಗಳು ಬಾಣಂತಿಯ ಪಾತ್ರ ಮಾಡುತ್ತಾಳೆ, ಸೊಂಟದ ಮೇಲೆ ಬೊಂಬೆಯ ಹೊಟ್ಟೆ, ಕೆಳಗೆ ಕೆಂಪು ಬಣ್ಣದ ನೀರಿನಲ್ಲಿ ತೋಯ್ದ ಬಟ್ಟೆ. ಆ ನೀರನ್ನು ಮೊದಲೇ ಅಳೆದು ಹಾಕಿರಿ. 500 ಮಿಲಿಲೀಟರ್ ಬಟ್ಟೆಯಲ್ಲಿ ಹರಡಿದಾಗ ಎಷ್ಟು ಕಾಣುತ್ತದೆ ಎಂಬುದನ್ನು ಕಡಿಮೆ ಅಂದಾಜು ಮಾಡದವರು ವಿರಳ.

ನೋಡಬೇಕಾದದ್ದು: ಹೊದಿಕೆ ಸರಿಸಿ ನೋಡಿದಳೇ, ಕೂಗಿ ಸಹಾಯ ಕರೆದಳೇ, ಗರ್ಭಕೋಶ ಉಜ್ಜಲು ಶುರು ಮಾಡಿದಳೇ, ಆಕ್ಸಿಟೋಸಿನ್ ಮತ್ತು ಡ್ರಿಪ್ ನಿಮ್ಮ ಆಸ್ಪತ್ರೆಯ ಕ್ರಮದಂತೆ ಕೇಳಿದಳೇ, ಮೂತ್ರಕೋಶ ಖಾಲಿ ಮಾಡಿಸಿದಳೇ, ಮಾಸು ಮತ್ತೆ ನೋಡಿದಳೇ, ಹರಿದ ಗಾಯ ಹುಡುಕಿದಳೇ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ನಿಧಾನವಾಗಿ ನರಕ್ಕೆ ಕೊಡಬೇಕು, ಹೆರಿಗೆಯಾಗಿ ಮೂರು ಗಂಟೆಯೊಳಗೆ ಎಂಬುದು ಹೇಳಿದಳೇ. ಇಷ್ಟರ ನಡುವೆ ತಾಯಿಗೆ ಒಂದು ಮಾತು ಹೇಳಿದಳೇ.

ಪಾತ್ರ ಮಾಡುವವರು ಊರಿನ ಮಾತಲ್ಲೇ ಆಡಲಿ. ಅಂಕೋಲಾ ಕಡೆಯ ಹಾಲಕ್ಕಿ ಹೆಂಗಸು ಆಡುವ ಕನ್ನಡ, ಶಿರಸಿ ಕಡೆಯ ಹವ್ಯಕರ ಮಾತು, ಮೀನುಗಾರ ಕೇರಿಯ ಕೊಂಕಣಿ. ಪುಸ್ತಕದ ಕನ್ನಡದಲ್ಲಿ ಲಕ್ಷಣ ಹೇಳುವ ಬಾಣಂತಿ ವಾರ್ಡಿನಲ್ಲಿ ಸಿಗುವುದಿಲ್ಲ.

ಮಗುವಿನ ಠಾಣೆಯಲ್ಲಿ ಮೊದಲ ಒಂದು ನಿಮಿಷವೇ ಎಲ್ಲ. ಒರೆಸಿ, ಬೆನ್ನು ಸವರಿ, ತಲೆ ಸರಿಯಾಗಿ ಇಟ್ಟು, ಆದರೂ ಉಸಿರಿಲ್ಲದಿದ್ದರೆ ಆ ನಿಮಿಷ ಮುಗಿಯುವುದರೊಳಗೆ ಬ್ಯಾಗ್ ಮತ್ತು ಮಾಸ್ಕ್. ನಿಮಿಷಕ್ಕೆ 40ರಿಂದ 60 ಉಸಿರು. ಬೊಂಬೆಯ ಎದೆ ಏಳುತ್ತಿದೆಯೇ? ಏಳದಿದ್ದರೆ ಅವಳು ಏನು ಬದಲಿಸುತ್ತಾಳೆ? ಹಾಗೇ ಒತ್ತುತ್ತಾ ಹೋದರೆ ಅವಳಿಗೆ ಕ್ರಿಯೆ ಗೊತ್ತು, ಉದ್ದೇಶ ಗೊತ್ತಿಲ್ಲ.

ಫಿಟ್ಸ್ ಠಾಣೆಯಲ್ಲಿ ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಆಂಪ್ಯೂಲ್‌ಗಳನ್ನು ನಿಜವಾಗಿ ಒಡೆಸಿ, ಸಿರಿಂಜಿಗೆ ತುಂಬಿಸಿ. ರೆಫರ್ ಮಾಡುವ ಮೊದಲಿನ ಡೋಸ್ 10 ಗ್ರಾಂ, ಎರಡೂ ಪೃಷ್ಠಕ್ಕೆ 5 ಗ್ರಾಂ ಆಳವಾಗಿ. ಶೇಕಡಾ 50ರ 2 ಮಿಲಿಲೀಟರ್ ಆಂಪ್ಯೂಲ್‌ನಲ್ಲಿ 1 ಗ್ರಾಂ ಇರುತ್ತದೆ. ಅಂದರೆ ಹತ್ತು ಆಂಪ್ಯೂಲ್. ಬಾಯಲ್ಲಿ ಸರಿ ಹೇಳಿದವರೂ ಹತ್ತು ಆಂಪ್ಯೂಲ್ ಎದುರಿಗೆ ಕಂಡಾಗ ಅನುಮಾನಿಸಿ ನಿಲ್ಲುತ್ತಾರೆ. ಹಳೆಯ ಆಂಪ್ಯೂಲ್‌ಗಳಿಗೆ ನೀರು ತುಂಬಿ ಇಟ್ಟುಕೊಂಡರೂ ನಡೆಯುತ್ತದೆ, ‘ಪರೀಕ್ಷೆಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಅಂಟಿಸಿ, ವಾರ್ಡಿನಿಂದ ದೂರ ಇಡಿ.

8. ಘಟ್ಟದ ಪ್ರಶ್ನೆ: ಕಳಿಸುವ ತೀರ್ಮಾನ

ಬೇರೆ ಜಿಲ್ಲೆಯವರು ಇದನ್ನು ಒಂದು ಪ್ಯಾರಾದಲ್ಲಿ ಮುಗಿಸಬಹುದು. ನಮಗೆ ಸಾಧ್ಯವಿಲ್ಲ. ನಮ್ಮಲ್ಲಿ ದೊಡ್ಡ ಚಿಕಿತ್ಸೆ ಎಂದರೆ ಇಂದಿಗೂ ಗೋವಾ, ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಯ ದಾರಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದೆ, ಶಿರಸಿಯಲ್ಲಿ ಪಂಡಿತ್ ಸಾರ್ವಜನಿಕ ಆಸ್ಪತ್ರೆ ಇದೆ. ಆದರೂ ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಕುಮಟಾಕ್ಕೆ ಇಳಿಯಬೇಕಾದರೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲ್ ಘಟ್ಟ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಹಲವು ದಿನ ಮುಚ್ಚಿತ್ತು. ಮುಂದಿನ ತಿಂಗಳೇ ಕಾಳಿ ನದಿಯ ಹಳೇ ಸೇತುವೆ ಬಿತ್ತು. ನಿನ್ನೆ ಇದ್ದ ರಸ್ತೆ ಇವತ್ತು ಇಲ್ಲದಿರಬಹುದು. ಕಳಿಸುವ ತೀರ್ಮಾನದಲ್ಲಿ ಇದೂ ಸೇರಬೇಕು.

ಹೀಗೊಂದು ಪ್ರಕರಣ ಕೊಡಿ. ‘ನೀನು ಶಿರಸಿ ಮತ್ತು ಕುಮಟಾ ನಡುವಿನ ಒಂದು ಆರೋಗ್ಯ ಕೇಂದ್ರದಲ್ಲಿದ್ದೀಯ. ಜುಲೈ, ಸಂಜೆ 6 ಗಂಟೆ, ಮಳೆ. ಚೊಚ್ಚಲು. ಗರ್ಭಕೋಶದ ಬಾಯಿ 5 ಸೆಂಟಿಮೀಟರ್. ಬಿಪಿ 150/100. ತಲೆನೋವು ಇಲ್ಲ.’ ಏನು ಮಾಡುತ್ತೀ ಎಂದು ಕೇಳಿ. ಅವಳು ಹೇಳಿದ ಮೇಲೆ ಹಂತಹಂತವಾಗಿ ಹೊಸ ಮಾಹಿತಿ ಕೊಡಿ. 7 ಗಂಟೆಗೆ ಬಿಪಿ 164/112. ಮೂತ್ರದಲ್ಲಿ ಪ್ರೊಟೀನ್ ಮೂರು ಪ್ಲಸ್. ಆಮೇಲೆ ಕಣ್ಣು ಮಂಜು. ಆಮೇಲೆ 108ರಿಂದ ಬಂದ ಉತ್ತರ: ಗಾಡಿ ಬರಲು ಒಂದು ಗಂಟೆ, ಘಟ್ಟದಲ್ಲಿ ಮರ ಬಿದ್ದಿದೆ.

ಸರಿಯಾದ ಒಂದೇ ಉತ್ತರಕ್ಕಾಗಿ ಕಾಯಬೇಡಿ. ಯಾವ ಹಂತದಲ್ಲಿ ಅವಳು ಫೋನ್ ಎತ್ತಿದಳು ಎಂಬುದನ್ನು ಗುರುತಿಸಿ. 6 ಗಂಟೆಗೇ ವೈದ್ಯಾಧಿಕಾರಿಗೆ ತಿಳಿಸಿದವಳು, 7ಕ್ಕೆ ತಿಳಿಸಿದವಳು, ಕಣ್ಣು ಮಂಜಾದ ಮೇಲೆ ತಿಳಿಸಿದವಳು ಮೂವರೂ ಬೇರೆಬೇರೆ ಹಂತದವರು. ಹೊರಡುವ ಮೊದಲು ಮೆಗ್ನೀಸಿಯಂ ಕೊಟ್ಟಳೇ? ಜೊತೆಗೆ ಯಾರು ಹೋಗುತ್ತಾರೆ? ದಾರಿಯಲ್ಲಿ ಹೆರಿಗೆಯಾದರೆ ಏನು ಬೇಕು? ಬ್ಯಾಗ್, ಮಾಸ್ಕ್, ಆಕ್ಸಿಟೋಸಿನ್ ಗಾಡಿಯಲ್ಲಿ ಇದೆಯೇ? ರಕ್ತ ಬೇಕಾದರೆ ಯಾವ ದಿಕ್ಕಿಗೆ ಹೋದರೆ ಬೇಗ ಸಿಗುತ್ತದೆ?

ಆಮೇಲೆ ಫೋನ್ ಮಾಡಿಸಿ. ನೀವು ಇನ್ನೊಂದು ಕೋಣೆಯಲ್ಲಿ ದೊಡ್ಡ ಆಸ್ಪತ್ರೆಯ ಡಾಕ್ಟರ್ ಆಗಿ. ಅವಳು ನಾಲ್ಕು ವಿಷಯ ಹೇಳಬೇಕು: ಈಗ ಏನಾಗಿದೆ, ಹಿಂದೆ ಏನಿತ್ತು, ನನ್ನ ಅಂದಾಜು ಏನು, ನಿಮ್ಮಿಂದ ಏನು ಬೇಕು. ನಡುವೆ ಸ್ವಲ್ಪ ಗದರಿಸಿ ನೋಡಿ, ‘ಇಷ್ಟಕ್ಕೇ ಕಳಿಸ್ತೀರಾ’ ಎಂದು ಕೇಳಿ. ನಿಜ ಜೀವನದಲ್ಲಿ ಈ ಮಾತು ಕೇಳಿಯೇ ಕೇಳುತ್ತಾಳೆ. ಆಗಲೂ ತನ್ನ ಅಂಕಿಗಳನ್ನು ಹಿಡಿದು ನಿಲ್ಲುತ್ತಾಳೆಯೇ? ಈ ಒಂದು ಗುಣಕ್ಕೆ ನಾನು ಬೇರೆಲ್ಲದಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

9. ತಾಯಂದಿರನ್ನು ಕೇಳಿ

ಮನೆಗೆ ಹೋಗುವ ದಿನ, ವಿದ್ಯಾರ್ಥಿನಿ ಇಲ್ಲದಾಗ, ಮೂರೇ ಪ್ರಶ್ನೆ. ಏನು ಮಾಡುತ್ತೇನೆಂದು ಮೊದಲೇ ಹೇಳಿದಳಾ? ನೋವಿದ್ದಾಗ ಪಕ್ಕದಲ್ಲಿದ್ದಳಾ? ಮುಂದಿನ ಹೆರಿಗೆಗೂ ಅವಳೇ ಇರಲಿ ಅನಿಸುತ್ತಾ? ಅಂಕ ಬೇಡ, ಅವರ ಮಾತನ್ನೇ ಬರೆದುಕೊಳ್ಳಿ. ತಾಯಿಯ ಹೆಸರು ಬೇಡ.

10. ಹೇಳುವುದು, ಅದೂ ಅದೇ ದಿನ

ತಪ್ಪನ್ನು ತಾಯಿಯ ಎದುರು ಹೇಳಬೇಡಿ. ಕೈ ತೊಳೆದು ಪಕ್ಕದ ಕೋಣೆಗೆ ಹೋಗಿ. ಮೊದಲು ಅವಳೇ ಹೇಳಲಿ, ಯಾವುದು ಸರಿ ಹೋಯಿತು, ಯಾವುದು ಇಲ್ಲ. ಅವಳಿಗೇ ಗೊತ್ತಾದ ತಪ್ಪನ್ನು ನೀವು ಮತ್ತೆ ಹೇಳುವ ಅಗತ್ಯವಿಲ್ಲ. ಅವಳಿಗೆ ಗೊತ್ತೇ ಆಗದ ತಪ್ಪು ಇದ್ದರೆ ಅದೇ ಮುಖ್ಯ, ಅದರ ಮೇಲೆ ಸಮಯ ಕೊಡಿ. ಮುಂದಿನ ಸಲಕ್ಕೆ ಒಂದೇ ಗುರಿ ಕೊಡಿ. ಐದು ಗುರಿ ಕೊಟ್ಟರೆ ಒಂದೂ ಉಳಿಯುವುದಿಲ್ಲ.

11. ‘ಪಾಪ, ಪಾಸ್ ಮಾಡಿಬಿಡೋಣ’

ಬಡ ಮನೆ. ಸಾಲ ಮಾಡಿ ಫೀಸು ಕಟ್ಟಿದ್ದಾರೆ. ದಿನಾ ಎರಡು ಬಸ್ ಬದಲಿಸಿ ಬರುತ್ತಾಳೆ. ನಪಾಸು ಮಾಡಲು ಕೈ ಬರುವುದಿಲ್ಲ. ಇದು ನಮ್ಮೊಬ್ಬರ ಕಷ್ಟವಲ್ಲ. ಕ್ಯಾಥ್ಲೀನ್ ಡಫಿ 2003ರಲ್ಲಿ ಸ್ಕಾಟ್ಲೆಂಡಿನ ನರ್ಸಿಂಗ್ ಮಾರ್ಗದರ್ಶಕರ ಬಗ್ಗೆ ಮಾಡಿದ ಅಧ್ಯಯನದಲ್ಲೂ ಇದೇ ಕಂಡಿತು: ಅನುಮಾನ ಇದ್ದರೂ ಪಾಸು ಮಾಡುತ್ತಾರೆ, ಕೊನೆಗಳಿಗೆಯವರೆಗೆ ಹೇಳದೆ ಇರುತ್ತಾರೆ.

ಕರುಣೆ ತೋರಿಸಬೇಕಾದದ್ದು ಮೊದಲೇ. ಪೋಸ್ಟಿಂಗ್‌ನ (ವಾರ್ಡಿನ ತರಬೇತಿ ಅವಧಿಯ) ಅರ್ಧದಲ್ಲಿ ಕುಳಿತು ಹಾಳೆ ನೋಡಿ. ಯಾವ ಕೌಶಲ ಎರಡನೇ ಹಂತದಲ್ಲೇ ನಿಂತಿದೆಯೋ ಅದನ್ನು ಬರೆದು, ಅವಳಿಗೆ ಓದಿ ಹೇಳಿ, ಇಬ್ಬರೂ ಸಹಿ ಹಾಕಿ. ಬೊಂಬೆಯ ಮೇಲೆ ಹೆಚ್ಚಿನ ಅಭ್ಯಾಸ, ಒಂದು ನಿಗದಿತ ಪಾಳಿ, ಒಬ್ಬ ನಿಗದಿತ ಸಿಸ್ಟರ್. ಮತ್ತೆ ಅಳೆಯುವಾಗ ಬೇರೆಯವರು ಅಳೆಯಲಿ. ಇಷ್ಟಾದ ಮೇಲೂ ತಪ್ಪಲೇಬಾರದ ಹೆಜ್ಜೆಗಳು ತಪ್ಪುತ್ತಿದ್ದರೆ ಆ ಕೌಶಲಕ್ಕೆ ಸಹಿ ಹಾಕಬೇಡಿ. ಪೋಸ್ಟಿಂಗ್‌ನ ಅವಧಿ ಹೆಚ್ಚಿಸಿ. ಅವಳ ಬಡತನ ಎಷ್ಟು ನಿಜವೋ, ಮುಂದೊಂದು ರಾತ್ರಿ ಅವಳ ಕೈಗೆ ಬರುವ ಬಸುರಿಯ ಬಡತನವೂ ಅಷ್ಟೇ ನಿಜ.

12. ಕೊನೆಯ ಹಾಳೆಯಲ್ಲಿ ಏನಿರಬೇಕು

ಒಟ್ಟು ಅಂಕ ವಿಶ್ವವಿದ್ಯಾಲಯಕ್ಕೋ ಮಂಡಳಿಗೋ ಬೇಕು, ಕಳಿಸಿ. ಅದರ ಜೊತೆ ಒಂದು ಪುಟದ ಬೇರೆ ಹಾಳೆ ಮಾಡಿ. ಪ್ರತಿ ಕೌಶಲ, ಅದರ ಕೊನೆಯ ಹಂತ, ಎಷ್ಟು ಸಲ ನೋಡಲಾಯಿತು, ಯಾರು ನೋಡಿದರು, ಯಾವ ತಾರೀಕು. ಬೊಂಬೆಯ ಮೇಲೆ ಮಾತ್ರ ನೋಡಿದ್ದರೆ ‘ಬೊಂಬೆಯ ಮೇಲೆ ಮಾತ್ರ’ ಎಂದೇ ಬರೆಯಿರಿ. ಕಾಲು ಮೊದಲಾಗಿ ಬರುವ ಮಗು, ಭುಜ ಸಿಕ್ಕಿಕೊಳ್ಳುವುದು ಇವೆಲ್ಲ ಸಾಮಾನ್ಯವಾಗಿ ಈ ಸಾಲಿಗೇ ಸೇರುತ್ತವೆ. ನೋಡಲು ಅವಕಾಶವೇ ಸಿಗದಿದ್ದರೆ ಖಾಲಿ ಬಿಡಬೇಡಿ, ‘ನೋಡಿಲ್ಲ’ ಎಂದು ಬರೆಯಿರಿ.

ಒಂದು ಪ್ರತಿ ವಿದ್ಯಾರ್ಥಿನಿಗೆ ಕೊಡಿ. ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನು ಅಲ್ಲಿನ ಹಿರಿಯ ಸಿಸ್ಟರ್‌ಗೆ ತೋರಿಸಲು ಹೇಳಿ. ಯಾವ ಕೆಲಸದಲ್ಲಿ ಇವಳನ್ನು ಒಬ್ಬಳೇ ಬಿಡಬಹುದು, ಯಾವುದರಲ್ಲಿ ಇನ್ನೂ ಕೆಲವು ತಿಂಗಳು ಪಕ್ಕದಲ್ಲಿ ನಿಲ್ಲಬೇಕು ಎಂದು ಅವರಿಗೆ ಅಂದೇ ಗೊತ್ತಾಗುತ್ತದೆ.